ಒಗ್ಗರಣೆ ಆರುವಷ್ಟು ಹೊತ್ತು

ಕನ್ನಮ್ಮನ ಹೆಸರು ವರದಮ್ಮನ ಕಿವಿಗೆ ಮೊದಲು ಬಿದ್ದದ್ದು ಸಾಗರದಿಂದ ಹೊಸನಗರಕ್ಕೆ ಹೋಗುವ ಬಸ್ಸಿನಲ್ಲಿ. ಮುಂದಿನ ಸೀಟಿನ ಹೆಂಗಸರಿಬ್ಬರು ಮಾತಾಡಿಕೊಳ್ಳುತ್ತಿದ್ದರು.

"ಎಲ್ಲರೂ ಹಾಲು ಒಡೀದೆ ಇರ್ಲಿ ಅಂತ ಒಲೆ ಮುಂದೆ ನಿಂತಿರ್ತಾರೆ. ಆ ಕನ್ನಮ್ಮ ಯಾವಾಗ ಒಡೀತದೆ ಅಂತ ಕಾಯ್ತಾ ಕೂರ್ತಾಳಂತೆ ಮಾರಾಯ್ತಿ!"

"ಕೂರೋದೆಲ್ಲಿ ಬಂತು? ಕನ್ನಮ್ಮ ಕೂತಿದ್ದನ್ನ ನೋಡಿದವರು ಯಾರಿದ್ದಾರೆ?"

ವರದಮ್ಮ ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕಳು. ಗಂಡ ಹೋದ ಮೇಲೆ ಸಣ್ಣಪುಟ್ಟ ಕಾರ್ಯಗಳಿಗೆ ಅಡಿಗೆ ಮಾಡಿಕೊಂಡು ಬಂದವಳು ಅವಳು. ಮರುದಿನ ಹೊಸನಗರದ ಹತ್ತಿರದ ನಾಗರಾಜಪ್ಪನ ಮಗಳು ಬಿಂದುಶ್ರೀಯ ನಿಶ್ಚಿತಾರ್ಥ, ಅಡಿಗೆ ಇವಳದು. ಹಾಲು ಒಡೆಯಲೆಂದು ಕಾಯುವವಳು ಆ ನಾಗರಾಜಪ್ಪನ ಸ್ವಂತ ತಂಗಿ ಎಂದು ತಿಳಿದದ್ದು ಅಂಗಳಕ್ಕೆ ಕಾಲಿಟ್ಟ ಮೇಲೆ.

ಬಾಗಿಲಲ್ಲೇ ಎದುರಾದಳು ಕನ್ನಮ್ಮ. ಐವತ್ತರ ಹತ್ತಿರದ ಹೆಂಗಸು, ಒಂದು ಕೈಯಲ್ಲಿ ಪೊರಕೆ, ಇನ್ನೊಂದರಲ್ಲಿ ಮೊಬೈಲು.

"ಅಡಿಗೆ ವರದಕ್ಕ ಅಲ್ವಾ? ಬನ್ನಿ ಬನ್ನಿ. ಕಾಲು ಆಮೇಲೆ ತೊಳ್ಕೊಳ್ಳಿ, ಮೊದಲು ಇದು ನೋಡಿ."

ಅಡಿಗೆಮನೆಗೆ ಕರೆದೊಯ್ದು, ಮೊಬೈಲು ಕಟ್ಟೆಯ ಮೇಲಿಟ್ಟು, ಒಂದು ಪಾತ್ರೆಯ ಮುಚ್ಚಳ ತೆಗೆದಳು. ಒಳಗೆ ನೀರಿನಲ್ಲಿ ಬಿಳಿ ಉಂಡೆಗಳು ತೇಲುತ್ತಿದ್ದವು.

"ಇದೆಂಥದ್ದೇ? ನಿಶ್ಚಿತಾರ್ಥದ ಮನೇಲಿ ಬೇಯಿಸಿದ ಮೊಟ್ಟೆ?"

"ಮೊಟ್ಟೆಯಲ್ಲ, ಚೀಸು. ಮೊಜರೆಲ್ಲಾ ಅಂತ. ನಮ್ಮ ಎಮ್ಮೆ ಹಾಲಿಂದೇ. ಬಿಂದು ಮೊಬೈಲಲ್ಲಿ ತೋರ್ಸಿದ್ಲು, ನಾನು ಮಾಡ್ದೆ."

ಹಾಲಿಗೆ ನಿಂಬೆ ಉಪ್ಪು ಹಾಕಿ ಬೆಚ್ಚಗೆ ಮಾಡಬೇಕು, ಶಿವಮೊಗ್ಗದಿಂದ ತರಿಸಿದ ಹೆಪ್ಪಿನ ಔಷಧಿ ಹನಿ ಬಿಡಬೇಕು, ಗಟ್ಟಿಯಾದದ್ದನ್ನು ಸುಡುವ ನೀರಿನಲ್ಲಿ ಅದ್ದಿ ಅದ್ದಿ ಎಳೆಯಬೇಕು. ಹೇಳುತ್ತ ಹೇಳುತ್ತಲೇ ಕನ್ನಮ್ಮ ಪೊರಕೆಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಗಾಳಿಯಲ್ಲಿ ಎಳೆದು ತೋರಿಸಿದಳು. ಅಂಗೈಗಳು ಬಿಸಿನೀರಿಗೆ ಕೆಂಪಾಗಿ ಸಿಪ್ಪೆ ಎದ್ದಿದ್ದವು.

ಆ ದಿನ ತರಕಾರಿ ಹೆಚ್ಚುವಷ್ಟರಲ್ಲಿ ಅವಳ ಕಥೆಯೆಲ್ಲ ವರದಮ್ಮನಿಗೆ ಗೊತ್ತಾಯಿತು. ಹುಟ್ಟಿದ್ದು ಕವಲೇದುರ್ಗದ ಕೆಳಗಿನ ಊರಲ್ಲಿ. ಕೊಟ್ಟದ್ದು ಜೋಗದ ಕರೆಂಟ್ ಕೆಲಸದವನಿಗೆ. ಅಲ್ಲಿ ಜಲಪಾತ ನೋಡಲು ಬಂದವರಿಗೆ ಬ್ರೆಡ್ಡು ಆಮ್ಲೆಟ್ ಮಾಡಿ ಕೊಟ್ಟಳು. ಗಂಡ ತೀರಿಕೊಂಡ ಮೇಲೆ ಸಾಗರದಲ್ಲಿ ಹೊಲಿಗೆ ಹಿಡಿದಳು. ಹೊಲಿಗೆಗೆ ಮಿಷನ್ ಮುಂದೆ ಕೂರಬೇಕಲ್ಲ, ಅದು ಆಗಲಿಲ್ಲ. ತೀರ್ಥಹಳ್ಳಿಗೆ ಹೋಗಿ ಅಣಬೆ ಹಾಕಿದಳು; ಮೊಳಕೆ ಬಂತಾ ಬಂತಾ ಎಂದು ದಿನಾ ಚೀಲ ಬಿಚ್ಚಿ ನೋಡಿ ಎಲ್ಲವನ್ನೂ ಕೊಳೆಸಿದಳು. ಕೊನೆಗೆ ಅಣ್ಣನ ಕೊಟ್ಟಿಗೆಯಲ್ಲಿ ಮೂರು ಎಮ್ಮೆ ಕಟ್ಟಿದಳು.

ಅಣ್ಣನಿಗೆ ಅದು ಸಾಕಾಗಿಹೋಗಿತ್ತು. "ಡೈರಿಗೆ ಹಾಕೋ ಹಾಲನ್ನ ಒಡೆದು ಒಡೆದು ನೀರು ಚೆಲ್ತಾಳೆ," ಎಂದು ವರದಮ್ಮನ ಎದುರೇ ಕೂಗಾಡಿದ. "ನಾಳೆ ಊಟಕ್ಕೆ ಬಂದವರಲ್ಲಿ ಒಬ್ಬರಾದ್ರೂ ಇದನ್ನ ಕೇಳಿ ಎರಡನೇ ಸಲ ಹಾಕಿಸ್ಕೊಂಡ್ರೆ ಎಮ್ಮೆ ಇರ್ಲಿ. ಇಲ್ದಿದ್ರೆ ಸೋಮವಾರ ಆನಂದಪುರದ ದನದ ವ್ಯಾಪಾರಿ ಬರ್ತಾನೆ, ಹಗ್ಗ ಅವನ ಕೈಗೆ ಕೊಡ್ತೀನಿ."

"ಕೊಡು ಕೊಡು, ಜೊತೆಗೆ ನನ್ನನ್ನೂ ಕಟ್ಟಿ ಕಳ್ಸು," ಎಂದಳು ಕನ್ನಮ್ಮ. ಅಣ್ಣ ಆಚೆ ಹೋದ ಮೇಲೆ ಸಣ್ಣ ದನಿಯಲ್ಲಿ ಕೇಳಿದಳು, "ಈ ಎಮ್ಮೆ ಹೋದ್ರೆ ಇನ್ನೆಂಥ ಹಿಡೀಲಿ ವರದಕ್ಕ? ಎಲ್ಲಾ ಹಿಡಿದು ಬಿಟ್ಟಾಯ್ತಲ್ಲ."

ಮರುದಿನ ಅನ್ನ, ಸಾರು, ಪಲ್ಯ, ಪಾಯಸ ಎಲ್ಲ ಆದ ಮೇಲೆ ಇಬ್ಬರೂ ಆ ಚೀಸಿನ ಕೆಲಸಕ್ಕೆ ಕೈ ಹಾಕಿದರು. ವರದಮ್ಮ ಹಣ್ಣು ಟೊಮೇಟೊವನ್ನು ಬಿಲ್ಲೆ ಬಿಲ್ಲೆಯಾಗಿ ಹೆಚ್ಚಿದಳು. ಬಿಳಿ ಉಂಡೆಯನ್ನೂ ಹಾಗೆಯೇ. ಕನ್ನಮ್ಮ ಹಿತ್ತಲಿಂದ ಒಂದು ಹಿಡಿ ಕಾಮಕಸ್ತೂರಿ ಕಿತ್ತು ತಂದಳು.

"ಹೂವಿನ ಜೊತೆ ಮುಡಿಯೋ ಸೊಪ್ಪಲ್ವೇನೇ ಇದು? ತಿನ್ನೋದಾ?"

"ತಲೆ ಮೇಲಿದ್ರೂ ಪರಿಮಳ, ಹೊಟ್ಟೇಲಿದ್ರೂ ಪರಿಮಳ. ಹಾಕಿ ಅಕ್ಕ."

ಉಪ್ಪು, ಕಾಳುಮೆಣಸಿನ ಪುಡಿ ಉದುರಿಸಿದ್ದಾಯಿತು. ಕನ್ನಮ್ಮ ಎಣ್ಣೆಯ ಬಾಟಲಿ ಎತ್ತಿ ಹಾಗೆಯೇ ಸುರಿಯಹೊರಟಳು. ವರದಮ್ಮ ಗಪ್ಪನೆ ಕೈ ಹಿಡಿದಳು.

"ಒಗ್ಗರಣೆ?"

"ಇದಕ್ಕಿಲ್ಲ. ಹಸಿ ಎಣ್ಣೇನೇ."

"ತಲೆ ನೆಟ್ಟಗಿದೆಯಾ? ಒಗ್ಗರಣೆ ಇಲ್ದೆ ಬಡಿಸೋದು ಸೂತಕದ ಮನೇಲಿ. ನಿಶ್ಚಿತಾರ್ಥದ ಎಲೆಗೆ ಇದನ್ನ ಇಟ್ರೆ ಗಂಡಿನ ಕಡೆಯವರು ಮುಟ್ತಾರಾ?"

ಕನ್ನಮ್ಮನ ಮುಖ ಇಳಿಯಿತು. ಅಷ್ಟು ದಿನದಿಂದ ಹಾಲು, ಹೆಪ್ಪು, ಬಿಸಿನೀರು ಎಂದು ಓಡಾಡಿದವಳಿಗೆ ಈ ಒಂದು ಮಾತು ಹೊಳೆದಿರಲಿಲ್ಲ.

"ಮಾಡ್ತೀನಿ ಇರು," ಎಂದು ವರದಮ್ಮ ಸೌಟಿನಲ್ಲಿ ಎಣ್ಣೆ ಕಾಯಿಸಿ ಸಾಸಿವೆ, ಒಣಮೆಣಸು, ಕರಿಬೇವು ಸಿಡಿಸಿದಳು. "ಆದ್ರೆ ಪೂರ್ತಿ ಆರ್ಬೇಕು. ಬಿಸಿನೀರಿಗೆ ಎಳೆ ಬರೋ ಪದಾರ್ಥ, ಕಾದ ಎಣ್ಣೆ ಬಿದ್ರೆ ಉಳೀತದಾ?"

ಸೌಟು ಕಿಟಕಿಯ ಕಟ್ಟೆಯ ಮೇಲೆ ಕೂತಿತು. ಕನ್ನಮ್ಮ ಅಂಗಳಕ್ಕೆ ಹೋಗಿ ಬಂದಳು. ಜಗುಲಿಗೆ ಹೋಗಿ ಬಂದಳು. ಸೌಟಿಗೆ ಊದಿದಳು, ಬೆರಳದ್ದಿ ಸುಟ್ಟುಕೊಂಡಳು. "ಎಲೆ ಹಾಕ್ತಿದ್ದಾರೆ ವರದಕ್ಕ. ಆರ್ತಾ?"

"ಇಲ್ಲ."

"ಈಗ?"

"ನಿನ್ನ ತಲೆ ಆರ್ಲಿ ಮೊದ್ಲು!"

ವರದಮ್ಮ ಪಾಯಸ ಕಲಕಲು ಆಚೆ ತಿರುಗಿದ್ದೇ ತಡ, ಹಿಂದಿನಿಂದ ಚೊಂಯ್ ಎಂದಿತು. ನೋಡಿದರೆ ಕನ್ನಮ್ಮ ಖಾಲಿ ಸೌಟು ಹಿಡಿದು ನಿಂತಿದ್ದಾಳೆ. ಬೋಗುಣಿಯಲ್ಲಿ ಬಿಳಿ ಬಿಲ್ಲೆಗಳು ಒಂದರ ಮೈಗೊಂದು ಅಂಟಿ ಕರಗಿದವು. ಒಂದು ತುಂಡು ಎತ್ತಹೋದರೆ ಟೊಮೇಟೊ, ಸೊಪ್ಪು, ಸಾಸಿವೆ ಸಮೇತ ಇಡೀ ಬೋಗುಣಿಯೇ ಎಳೆ ಎಳೆಯಾಗಿ ಮೇಲೆದ್ದು ಬಂತು.

"ಹೋಯ್ತು. ಮೂರೂ ಹೋದ್ವು," ಎಂದಳು ಕನ್ನಮ್ಮ. ಎಮ್ಮೆಗಳ ಮಾತು ಅದು.

ಪಾತ್ರೆಯಲ್ಲಿ ಇನ್ನೆರಡು ಉಂಡೆ ಉಳಿದಿದ್ದವು. ವರದಮ್ಮ ಅವನ್ನೂ ಮತ್ತೆರಡು ಟೊಮೇಟೊವನ್ನೂ ಹೆಚ್ಚಿಟ್ಟು ಇನ್ನೊಂದು ಒಗ್ಗರಣೆಗೆ ಎಣ್ಣೆ ಇಟ್ಟಳು. "ನೀನು ಕೊಟ್ಟಿಗೆಗೆ ಹೋಗು. ಎಮ್ಮೆಗೆ ಹುಲ್ಲು ಹಾಕು. ನಾನು ಕರೆಯೋವರೆಗೆ ಈ ಕಡೆ ತಲೆ ಹಾಕಿದ್ರೆ ಸೌಟಲ್ಲಿ ಹೊಡೀತೀನಿ."

ಹೋದಳು. ಹೋದವಳು ಕೊಟ್ಟಿಗೆಯಿಂದಲೇ ಕೂಗುತ್ತಿದ್ದಳು: "ಆರ್ತಾ ವರದಕ್ಕಾ?" ಸಾರು ಬಡಿಸುವವರು ಒಂದು ಸುತ್ತು ಮುಗಿಸಿ ಬರುವ ತನಕ ವರದಮ್ಮ ಸೌಟು ಮುಟ್ಟಲಿಲ್ಲ. ಆಮೇಲೆ ತಣ್ಣಗಾದ ಒಗ್ಗರಣೆ ಸುರಿದು, ಕೈಯಲ್ಲೇ ಮೆಲ್ಲಗೆ ಮಗುಚಿ, ತಾನೇ ಬಡಿಸಲು ಹೊರಟಳು. ಸಿಕ್ಕಿದ್ದು ಒಂದು ಸಾಲಿಗೆ ಮಾತ್ರ.

ಸಾಲಿನ ತುದಿಯಲ್ಲಿ ಗಂಡಿನ ಅಜ್ಜ ಪುಟ್ಟಪ್ಪ ಕೂತಿದ್ದರು. ಬೆರಳಲ್ಲಿ ತಿರುವಿ ನೋಡಿದರು. ಸಾಸಿವೆ ಕಂಡಿತು. ಬಾಯಿಗಿಟ್ಟರು. ಉಳಿದವರು ಪಲ್ಯಕ್ಕೆ ಕೈ ಹಾಕಿದ್ದರು. ಪುಟ್ಟಪ್ಪ ಮಾತ್ರ ವರದಮ್ಮ ವಾಪಸು ಬರುವಾಗ ಎಲೆ ತೋರಿಸಿದರು.

"ಇನ್ನೊಂಚೂರು ಹಾಕಮ್ಮ."

ಸಾರಿನ ಬಕೆಟ್ ಹಿಡಿದಿದ್ದ ನಾಗರಾಜಪ್ಪ ತಟ್ಟನೆ ಅಂದ, "ಅವರು ಕೇಳಿದ್ದು ಟೊಮೇಟೊ."

ಈ ಮಾತು ಕೊಟ್ಟಿಗೆಗೆ ಹೇಗೆ ಮುಟ್ಟಿತೋ, ಕನ್ನಮ್ಮ ತಲೆಯಲ್ಲಿ ಹುಲ್ಲು ಸಿಕ್ಕಿಸಿಕೊಂಡೇ ಊಟದವರ ನಡುವೆ ಓಡಿ ಬಂದಳು. "ಮಾವಯ್ಯ, ನಿಮ್ಮ ಕಾಲಿಗೆ ಬೀಳ್ತೀನಿ, ಸರಿಯಾಗಿ ಹೇಳಿ. ನೀವು ಕೇಳಿದ್ದು ಕೆಂಪಿದ್ದೋ ಬಿಳೀದೋ?"

"ಟೊಮೇಟೊ ನಮ್ಮ ಹಿತ್ತಲಲ್ಲಿ ಕೊಳೀತಾ ಬಿದ್ದಿದೆ ಮಾರಾಯ್ತಿ. ಬಿಳೀದು ಹಾಕು."

ಬಿಳಿಯದು ಮುಗಿದಿತ್ತು. ಕನ್ನಮ್ಮ ಒಳಗೋಡಿ, ಕರಗಿ ಮುದ್ದೆಯಾದದ್ದನ್ನೇ ಚಾಕುವಿನಲ್ಲಿ ಕೊಯ್ದು ತಂದು ಹಾಕಿದಳು. ಪುಟ್ಟಪ್ಪ ಬಹಳ ಹೊತ್ತು ಅಗಿದರು. "ಇದು ಹಲ್ಲಿಗೆ ಅಂಟ್ತದೆ. ನಂಗೆ ಹಲ್ಲೇ ಇಲ್ವಲ್ಲ, ತೊಂದ್ರೆ ಇಲ್ಲ."

ಇಡೀ ಸಾಲು ನಕ್ಕಿತು. ನಾಗರಾಜಪ್ಪ ನಗಲಿಲ್ಲ, ಮಾತೂ ತಪ್ಪಲಿಲ್ಲ. ಗಂಡಿನ ಕಡೆಯವರು ಹೊರಟ ಮೇಲೆ ಹೇಳಿದ, "ಎಮ್ಮೆ ಇರ್ಲಿ. ಆದ್ರೆ ಬೆಳಿಗ್ಗೆ ಸಂಜೆ ಹಾಲು ಕರೆಯೋಳು ನೀನೇ. ನಾನು ಮುಟ್ಟಲ್ಲ. ಇನ್ನು ಜೋಗ, ಸಾಗರ ಅಂತ ಕಂಡಾಗೆಲ್ಲ ಬಸ್ ಹತ್ತೋ ಹಾಗಿಲ್ಲ."

"ಎಲ್ಲಿ ಹೋಗ್ತೀನಿ ಅಣ್ಣ? ಇಲ್ಲೇ ಇರ್ತೀನಿ," ಎಂದಳು ಕನ್ನಮ್ಮ. ಹೇಳಿ ಜಗುಲಿಯ ಮೇಲೆ ಕೂತಳು. ಅವಳು ಕೂತದ್ದನ್ನು ವರದಮ್ಮ ನೋಡಿದ್ದು ಅದೇ ಮೊದಲು.

ಸಂಜೆ ವರದಮ್ಮ ಸಾಗರದ ಬಸ್ಸಿನಲ್ಲಿ ಕಿಟಕಿ ಪಕ್ಕ ಜಾಗ ಹಿಡಿದು ಚೀಲವನ್ನು ಕಾಲಡಿಗೆ ಸರಿಸಿಕೊಂಡಳು. ಕಂಡಕ್ಟರ್ ಇನ್ನೂ ಹತ್ತಿರಲಿಲ್ಲ. ರಸ್ತೆಯ ಆ ಕಡೆಯಿಂದ ಕನ್ನಮ್ಮ ಸೀರೆ ಎತ್ತಿ ಹಿಡಿದು ಓಡಿ ಬರುತ್ತಿದ್ದಳು. ಬಂದವಳೇ ಕಿಟಕಿಯ ಸರಳು ಹಿಡಿದಳು.

"ವರದಕ್ಕ, ನೀವು ಇವತ್ತೇ ಹೋಗ್ಬೇಕಾ?"

"ಹತ್ತಿ ಕೂತಾಯ್ತಲ್ಲೇ. ಎಂಥ ಆಯ್ತು?"

"ಪುಟ್ಟಪ್ಪ ಮಾವಯ್ಯನ ಸೊಸೆ ತೀರ್ಥಹಳ್ಳೀಲಿ ಹೋಟ್ಲು ನಡೆಸ್ತಾಳಂತೆ. ತಂದು ತೋರ್ಸಿ ಅಂದ್ಲು. ನಾಳೆ ಮೊದಲ್ನೇ ಬಸ್ಸಿಗೆ ಹೋಗಿ ಬಂದ್ಬಿಡ್ತೀನಿ, ಮಧ್ಯಾಹ್ನಕ್ಕೆಲ್ಲ ಇಲ್ಲಿರ್ತೀನಿ."

"ಹೋಗು. ನನ್ನನ್ನೇನು ಕೇಳ್ತೀಯ?"

ಕಂಡಕ್ಟರ್ ಸೀಟಿ ಊದಿದ. ಬಸ್ಸು ಅಲುಗಾಡಿತು. ಕನ್ನಮ್ಮ ಸರಳು ಬಿಡದೆ ಅದರ ಜೊತೆಗೇ ನಾಲ್ಕು ಹೆಜ್ಜೆ ಓಡಿದಳು.

"ಇಳೀರಿ ಅಕ್ಕ. ನಾಳೆ ಬೆಳಿಗ್ಗೆ ಒಂದೇ ಒಂದ್ಸಲ ಎಮ್ಮೆ ಕರೆದುಕೊಡಿ."