ಅತ್ತೆಯ ಒಂದು ಹಿಡಿ ಹಿಟ್ಟು

ಇವತ್ತು ಬೆಳಿಗ್ಗೆ ಚಿದ್ರಿಯ ನಮ್ಮ ಮನೆಗೆ ಗಿರಣಿಯಿಂದ ಜೋಳದ ಹಿಟ್ಟು ಬಂತು. ಡಬ್ಬಿಗೆ ತುಂಬುವಾಗ ಆ ಬಿಸಿ ವಾಸನೆಗೆ ಒಂದು ಕ್ಷಣ ಮೈಮರೆತೆ. ನೋಡುತ್ತೇನೆ, ಬಲಗೈ ಹಿಟ್ಟಿನೊಳಗೆ ಮುಷ್ಟಿ ಕಟ್ಟಿದೆ. ನಾನು ಕಟ್ಟಿರಲಿಲ್ಲ. ನಗಬೇಡಿ, ಈ ಕೈಗೆ ಹಳೆಯ ಚಾಳಿಯಿದೆ.

ಬೀದರ್ ಮೈಸೂರು ಸ್ಟೇಟಿಗೆ ಸೇರಿದ ವರ್ಷ ಅಪ್ಪ ನನ್ನನ್ನು ಹೈದರಾಬಾದಿನ ಕಾನ್ವೆಂಟಿನಿಂದ ಬಿಡಿಸಿ ಭಾಲ್ಕಿಯಲ್ಲಿ ಸೋದರತ್ತೆಯ ಮನೆಗೆ ತಂದುಬಿಟ್ಟರು. ನಕಾಶೆಯ ಒಂದು ಗೆರೆ ನನ್ನ ಐಸ್‌ಕ್ರೀಮು, ಬಯಾಸ್ಕೋಪು, ಸ್ಯಾಟಿನ್ ರಿಬ್ಬನ್ನುಗಳನ್ನೆಲ್ಲ ಆಚೆ ಉಳಿಸಿತು. ಹದಿನೇಳರ ನನಗೆ ಹ್ಯಾಪಿನೆಸ್ ಎಂದರೆ ಅಷ್ಟೇ. ದಿನವಿಡೀ ಅಳುತ್ತಿದ್ದೆ, ವೆರಿ ಸ್ಟೈಲಾಗಿ, ಲೇಸಿನ ಕರ್ಚೀಫಿನಲ್ಲಿ.

ಅತ್ತೆ ನರ್ಸು. ಒಂದೇ ಜ್ವರದಲ್ಲಿ ಗಂಡನನ್ನೂ ಇಬ್ಬರು ಮಕ್ಕಳನ್ನೂ ಕಳೆದುಕೊಂಡವಳು. ಆದರೂ ಮುಖದಲ್ಲಿ ಎಂಥದೋ ಸುಖ. ಅದನ್ನು ಕಂಡರೆ ನನಗಾಗುತ್ತಿರಲಿಲ್ಲ. ಅದು ಬೇಕೂ ಆಗಿತ್ತು. ರೊಟ್ಟಿ ಬಡಿಯುವ ಮುನ್ನ ಅವಳು ಒಂದು ಹಿಡಿ ಹಿಟ್ಟು ತೆಗೆದು, ಕಣ್ಣು ಮುಚ್ಚಿ, ಮೂಲೆಯ ಗಡಿಗೆಗೆ ಬಿಡುತ್ತಿದ್ದಳು. ಭಾನುವಾರ ಅದು ಚರ್ಚಿಗೆ, ಅಲ್ಲಿಂದ ಬಡವರ ಮನೆಗೆ.

ನಿಮ್ಮ ದೇವರಿಗೆ ಅಷ್ಟು ಹಸಿವೇ ಎಂದು ಒಮ್ಮೆ ಚುಚ್ಚಿದೆ.

“ಆತಗಲ್ಲ ಬೇಬಿ. ಅವರೆಲ್ಲ ಹೋದ ಮ್ಯಾಲ ನನ್ನ ಕೈ ಮುಷ್ಟಿ ಕಟ್ಟಿಬಿಟ್ಟಿತ್ತು. ದಿನಾ ಒಮ್ಮಿ ಬಿಚ್ಚಲಾಕ ಕಲೀಲಾಕತ್ತೀನಿ. ಬಿಚ್ಚಿದ ಕೂಡ್ಲೇ ಯಾರೋ ಹಿಡ್ಕೊಂಡಂಗ ಆಗ್ತದ.”

ಯಾರೆಂದು ಕೇಳಿದೆ.

“ರಿಬ್ಬನ್ ಹಿಡ್ಕೊಂಡ ಕೈಗಿ ಹ್ಯಾಂಗ ತಿಳೀಬೇಕು?” ಎಂದು ನಕ್ಕಳು.

ಮರುವಾರ ಗಡಿಗೆ ಬರಿದು ಮಾಡಿ, ಹೆರಿಗೆಯೊಂದಕ್ಕೆಂದು ಔರಾದ್ ಕಡೆಯ ಠಾಣಾ ಕುಶನೂರಿಗೆ ಹೋದಳು. ಆರನೆಯ ದಿನ ಎದೆನೋವು ಬಂದು ಅಲ್ಲೇ ತೀರಿಕೊಂಡಳು. ಸುದ್ದಿ ತಂದವಳು ಚರ್ಚಿಗೆ ಹಿಟ್ಟು ಒಟ್ಟುಮಾಡುತ್ತಿದ್ದ ರಾಹೇಲಮ್ಮ. ಅತ್ತು ಮುಗಿದ ಮೇಲೆ, ಅಭ್ಯಾಸಬಲದಿಂದ, ಗಡಿಗೆಯೊಳಗೆ ಇಣುಕಿದಳು. ಅರ್ಧ ತುಂಬಿತ್ತು. ಮೇಲಿನ ಹಿಡಿಯಲ್ಲಿ ಬೆರಳಿನ ಗುರುತು ಕೂಡ ಅಳಿದಿರಲಿಲ್ಲ.

ನಾನಲ್ಲ ಎಂದೆ. ರೊಟ್ಟಿ ಬಾರದ ನಾನು ಅಷ್ಟೂ ದಿನ ಬ್ರೆಡ್ಡು ತಿಂದಿದ್ದೆ. ಹಿಟ್ಟಿನ ಡಬ್ಬಿ ಮುಟ್ಟಿರಲಿಲ್ಲ. ಅವಳು ನನ್ನ ಬಲಗೈ ತಿರುಗಿಸಿದಳು. ಉಗುರಿನ ಸಂದಿಯಲ್ಲೆಲ್ಲ ಹಿಟ್ಟು.

“ನೀ ಅಲ್ಲಂದ್ರ, ಯಾರ ಕೈ ಇದು?”

ಸೋಪು ಹಚ್ಚಿ ತಿಕ್ಕಿ ತೊಳೆದೆ. ಮುಂದೆ ಅದೇ ಕೈಗೆ ಬಂಗಾರದ ಬಳೆ, ಉಂಗುರ ಎಲ್ಲ ಬಂದವು. ಒಂದೊಂದರ ಸುಖ ಒಂದೆರಡು ದಿನ. ಯಾವುದೂ ಪರ್ಮನೆಂಟ್ ಅಲ್ಲ. ಹಿಟ್ಟಿನ ಬಳಿ ಮಾತ್ರ ಕೈ ತಾನಾಗಿ ಮುಚ್ಚಿಕೊಳ್ಳುತ್ತಿತ್ತು. ನಾನು ಹೆದರಿ ತೊಳೆಯುತ್ತಿದ್ದೆ.

ಇವತ್ತು ತೊಳೆಯಲಿಲ್ಲ. ಬೋಗುಣಿಯೊಂದನ್ನು ಕೆಳಗಿಟ್ಟು, ಕಣ್ಣು ಮುಚ್ಚಿ, ಬೆರಳು ಬಿಚ್ಚಿದೆ. ಹಿಟ್ಟೆಲ್ಲ ಉದುರಿತು. ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಖಾಲಿ ಕೈ ಹಿಂದಕ್ಕೆ ತೆಗೆಯಹೋದೆ.

ಬರಲಿಲ್ಲ. ನಾನೂ ಎಳೆಯಲಿಲ್ಲ.