ಪಕ್ಕದ ಮನೆಯ ಹಳದಿ ಪರದೆಗಳು

ಹೋಸಿಯಾ ಟಿಲ್ಲರಿ ಸಮ್ಮಟಿಗೆ ಹಿಡಿದು ಪಕ್ಕದ ಮನೆಯ ಕಿಟಕಿಗಳನ್ನು ಒಡೆದದ್ದು ಹಾಡಹಗಲಲ್ಲಿ, ಬೀದಿಗೆ ಬೀದಿಯೇ ನೋಡುತ್ತಿದ್ದಾಗ. ಹನ್ನೊಂದು ವರ್ಷ ಆ ಮನೆಯನ್ನು ಕಾಪಾಡಿದವನೂ ಅವನೇ.

ನಾನು ಎದುರುಮನೆಯವಳು. ಒಹಾಯೋದ ನಮ್ಮ ಊರಿನಲ್ಲಿ ತಗಡು ಒತ್ತಿ ಕಾರಿನ ಬಾಗಿಲು ಮಾಡುವ ಕಾರ್ಖಾನೆ ಇತ್ತು. ಹೋಸಿಯಾ ಅಲ್ಲಿ ಮೂವತ್ತೆರಡು ವರ್ಷ ದುಡಿದು, ಎಡಗೈಯ ಎರಡು ಬೆರಳನ್ನು ಯಂತ್ರಕ್ಕೆ ಕೊಟ್ಟು ಬಂದವನು. ಕಾರ್ಖಾನೆ ಮುಚ್ಚಿತು, ಜನ ಗಂಟುಮೂಟೆ ಕಟ್ಟಿದರು. ಪಕ್ಕದ ಪೆಟ್ವೇ ಕುಟುಂಬ ಬೀಗದ ಕೈಯನ್ನು ಅವನ ಕೈಯಲ್ಲಿಟ್ಟು ಹೋದದ್ದೇ, ಹಿಂದಿರುಗಲೇ ಇಲ್ಲ.

ಮನೆ ಖಾಲಿ ಎಂದು ಗೊತ್ತಾದರೆ ನಮ್ಮಲ್ಲಿ ಒಂದು ವಾರ ಸಾಕು. ಗುಜರಿ ಕಳ್ಳರು ಗೋಡೆ ಸೀಳಿ ತಾಮ್ರದ ಕೊಳವೆ ಕೀಳುತ್ತಾರೆ, ಹಿಂದೆಯೇ ಯಾರೋ ಬೆಂಕಿ ಇಡುತ್ತಾರೆ. ಅದಕ್ಕೇ ಹೋಸಿಯಾ ಅಲ್ಲಿ ಜನ ಇದ್ದಾರೆಂದು ಕಾಣುವ ಹಾಗೆ ಮಾಡಿದ. ಹೆಂಡತಿ ಅರ್ಡೆಲ್ ಹಳದಿ ಪರದೆ ಹೊಲಿದುಕೊಟ್ಟಳು. ಗುರುವಾರ ಬಂತೆಂದರೆ ಆ ಮನೆಯ ಕಸದ ಡಬ್ಬಿಯೂ ರಸ್ತೆಗೆ ಬರುತ್ತಿತ್ತು. ಹಿಮ ಬಿದ್ದರೆ ಮೊದಲು ಅಲ್ಲಿಯ ಮೆಟ್ಟಿಲು ಗುಡಿಸಿ, ಬೂಟಿನ ಗುರುತು ಮೂಡುವಂತೆ ಬಾಗಿಲವರೆಗೆ ನಡೆದು ಬರುತ್ತಿದ್ದ.

"ಆ ಮನೆಗೆ ಯಜಮಾನ, ಈ ಮನೆಗೆ ಬಾಡಿಗೆದಾರ," ಎಂದು ಅರ್ಡೆಲ್ ಅವನನ್ನು ಚುಚ್ಚುತ್ತಿದ್ದಳು.

ಹೋದ ವರ್ಷ ನಾಲ್ವರು ಹಿತ್ತಲ ಬಾಗಿಲು ಮುರಿದು ಒಳಗೆ ಸೇರಿಕೊಂಡರು. ತಾಮ್ರ ಮುಟ್ಟಲಿಲ್ಲ, ಪರದೆಯನ್ನೂ ತೆಗೆಯಲಿಲ್ಲ. ಅವರು ಮಾರುತ್ತಿದ್ದ ಅಮಲಿನ ಮಾಲಿಗೆ ಆ ಪರದೆಯ ಮರೆಯೇ ಬೇಕಾಗಿತ್ತು. ಒಂದು ಸಂಜೆ ಒಳಗೆ ಒಬ್ಬ ಹುಡುಗಿ ಕಿರುಚತೊಡಗಿದಳು. ಹೋಸಿಯಾ ಬೀಗದ ಕೈ ಹಾಕಿ ಮುಂಬಾಗಿಲು ತೆರೆದ. ಹುಡುಗಿ ರಕ್ತ ಸುರಿಸುತ್ತ ಅವನನ್ನು ದಾಟಿ ಓಡಿಹೋದಳು. ಅವನನ್ನು ಅವರು ದೊಣ್ಣೆಯಿಂದ ಬಡಿದು ಮೆಟ್ಟಿಲ ಮೇಲೆ ಎಳೆದು ಬಿಸಾಡಿದರು. ದವಡೆ ಮುರಿಯಿತು, ಮೂರು ಪಕ್ಕೆಲುಬು ಹೋದವು.

ಪೊಲೀಸರು ಇಬ್ಬರನ್ನು ಹಿಡಿದರು. ತಿಂಗಳಲ್ಲಿ ಬೇರೆಯವರು ಬಂದರು. ಚಳಿಗೆ ಅವರು ನೆಲದ ಮೇಲೇ ಬೆಂಕಿ ಹಾಕಿದರು, ಹೋಸಿಯಾನ ಗೋಡೆ ಕಪ್ಪಾಯಿತು. ಎರಡು ಮನೆಗಳ ನಡುವೆ ಇದ್ದದ್ದು ಒಂದು ಮಾರು. ಆ ಕಪ್ಪು ಗೋಡೆಯ ಒಳಬದಿಗೆ ಅರ್ಡೆಲ್ ಹಾಸಿಗೆ ಹಿಡಿದು ಮಲಗಿದ್ದಳು, ತಲೆಯ ಹತ್ತಿರ ಆಕ್ಸಿಜನ್ ಸಿಲಿಂಡರ್.

ಪಾಳು ಮನೆ ಕೆಡವಿಸಿ, ಜಾಗವನ್ನು ನೂರು ಡಾಲರಿಗೆ ಪಕ್ಕದವರಿಗೇ ಕೊಡುವ ಸರ್ಕಾರಿ ಲ್ಯಾಂಡ್ ಬ್ಯಾಂಕ್ ಒಂದಿದೆ. ಹೋಸಿಯಾ ಅಲ್ಲಿಗೆ ಹೋದ. ಮೇಜಿನ ಹಿಂದಿದ್ದ ಹುಡುಗಿ ಕಂಪ್ಯೂಟರ್ ತಿರುಗಿಸಿ ಫೋಟೊ ತೋರಿಸಿದಳು. ಹಳದಿ ಪರದೆ, ಗುಡಿಸಿದ ಮೆಟ್ಟಿಲು, ರಸ್ತೆಯಲ್ಲಿ ಕಸದ ಡಬ್ಬಿ.

"ಇಲ್ಲಿ ಜನ ವಾಸ ಇದಾರೆ ಅಂತ ಬರ್ದಿದೆ ಸರ್."

"ಆ ಜನ ನಾನೇ ಕಣಮ್ಮ."

"ಹಾಗಾದ್ರೆ ಮೊದ್ಲು ನೀವು ಖಾಲಿ ಮಾಡ್ಬೇಕಾಗತ್ತೆ," ಎಂದಳು, ನಗದೆ.

ಸರ್ವೆಯವರು ವರ್ಷಕ್ಕೊಮ್ಮೆ ಬೀದಿಯಲ್ಲಿ ಕಾರು ಓಡಿಸಿ ಫೋಟೊ ತೆಗೆಯುತ್ತಾರಂತೆ, ಈ ಸಲ ಬರುವುದು ಮಂಗಳವಾರವಂತೆ. ಅಷ್ಟನ್ನು ಕೇಳಿಕೊಂಡು ಬಂದ.

ಮಂಗಳವಾರ ಬೆಳಿಗ್ಗೆ ಮೊದಲ ಕಿಟಕಿಯ ಗಾಜು ನನ್ನ ಅಂಗಳದವರೆಗೂ ಸಿಡಿಯಿತು. ಹೋಸಿಯಾ ಹೆಂಡತಿ ಹೊಲಿದ ಪರದೆಯನ್ನು ಪರ್ರನೆ ಹರಿದು ಕೆಸರಿಗೆಸೆದ. ಎರಡನೆಯ ಕಿಟಕಿ ಒಡೆಯುವಷ್ಟರಲ್ಲಿ ಒಳಗೆ ಮಲಗಿದ್ದ ದಾಂಡಿಗನೊಬ್ಬ ಕಬ್ಬಿಣದ ಸಲಾಕೆ ಹಿಡಿದು ಬಂದು ಅವನ ಹೆಗಲಿಗೆ ಹೊಡೆದ. ಹೋಸಿಯಾ ಮಂಡಿಯೂರಿದ. ಎರಡನೆಯ ಏಟಿಗೆ ಕಿವಿ ಹರಿಯಿತು. ಅವನು ಕುಳಿತಲ್ಲಿಂದಲೇ ಸಮ್ಮಟಿಗೆಯನ್ನು ಆ ಮನುಷ್ಯನ ಪಾದದ ಮೇಲೆ ಇಳಿಸಿದ. ಎಲುಬು ಮುರಿದ ಸದ್ದು ನನ್ನ ಜಗಲಿಗೆ ಕೇಳಿಸಿತು. ದಾಂಡಿಗ ತೆವಳಿಕೊಂಡು ಹಿತ್ತಲ ಓಣಿಗೆ ಹೋದ.

ಹೋಸಿಯಾ ಎದ್ದ. ಬಾಗಿಲನ್ನು ಚೌಕಟ್ಟಿನ ಸಮೇತ ಕೆಡವಿದ. ತಾನೇ ಗುಡಿಸುತ್ತಿದ್ದ ಮೆಟ್ಟಿಲುಗಳನ್ನು ಪುಡಿ ಮಾಡಿದ. ಅರ್ಡೆಲ್ ಮೂಗಿನ ನಳಿಕೆ ಹಿಡಿದುಕೊಂಡು ತನ್ನ ಕಿಟಕಿಗೆ ಬಂದಿದ್ದಳು.

"ಮೇಲಿನ ಕಿಟ್ಕಿ ಉಳೀತು, ಹೋಸಿಯಾ."

ಅವನು ಕಲ್ಲು ಎಸೆದು ಅದನ್ನೂ ಒಡೆದ.

ಸರ್ವೆ ಕಾರು ಬಂದಾಗ ಅವನ ಅಂಗಿಯೆಲ್ಲ ರಕ್ತ. ಕಾರಿನಲ್ಲಿದ್ದವನು ಗಾಜು ಅರ್ಧ ಇಳಿಸಿ, ಇಲ್ಲಿ ಯಾರಾದರೂ ಇದ್ದಾರಾ ಎಂದು ಕೇಳಿದ.

"ಇಲ್ಲಪ್ಪ. ಹನ್ನೊಂದು ವರ್ಷ ಆಯ್ತು."

ಫೋಟೊ ತೆಗೆದುಕೊಂಡರು. ಆಮೇಲೆ ಪೊಲೀಸರು ಬಂದು ಹೋಸಿಯಾನನ್ನು ಕರೆದೊಯ್ದರು. ದೂರು ಕೊಡಲು ಮನೆಗೆ ಯಜಮಾನನೇ ಇರಲಿಲ್ಲ, ಪಾದ ಮುರಿದವನು ಠಾಣೆಯ ಕಡೆ ತಲೆ ಹಾಕಲಿಲ್ಲ. ಎರಡು ದಿನಕ್ಕೆ ಬಿಟ್ಟರು. ಆ ಎರಡು ದಿನ ಅರ್ಡೆಲ್‌ಗೆ ಗಂಜಿ ಕಾಯಿಸಿಕೊಟ್ಟವಳು ನಾನು.

ಸೆಪ್ಟೆಂಬರಿನಲ್ಲಿ ಯಂತ್ರ ಬಂತು. ಹನ್ನೊಂದು ವರ್ಷ ಕಾಪಾಡಿದ ಮನೆ ಅರ್ಧ ಗಂಟೆಯಲ್ಲಿ ಕಟ್ಟಿಗೆಯ ರಾಶಿಯಾಯಿತು. ಅರ್ಡೆಲ್ ಹಾಸಿಗೆಯ ಮೇಲೆ ಮೊದಲ ಸಲ ಬಿಸಿಲು ಬಿತ್ತು. ನೂರು ಡಾಲರ್ ಕಟ್ಟಿದ ಹೋಸಿಯಾನ ಹೆಸರಿಗೆ ಜಾಗ ಆಯಿತು, ಆದರೆ ಅವನ ಎಡಗೈ ಹೆಗಲಿನ ಮೇಲಕ್ಕೆ ಮತ್ತೆಂದೂ ಏಳಲಿಲ್ಲ.

ಸುತ್ತ ಒಂದು ಬೇಲಿ ಹಾಕು, ನಾಲ್ಕು ಹೂವಿನ ಗಿಡ ನೆಡು, ನೋಡುವುದಕ್ಕೆ ಚೆನ್ನಾಗಿರುತ್ತದೆ ಎಂದು ಹೇಳಿದೆ.

"ಬೇಡ ಬಿಡಿ, ಮಿಸ್ ಜೂಲಾ," ಎಂದ. "ಖಾಲಿ ಇರೋದು ಖಾಲಿಯಾಗೇ ಕಾಣ್ಲಿ."