ಗ್ಯಾಲಿಯಂ ಮಾವ
ಎರಡು ವರ್ಷ ತುಂಬಿದರೂ ಮಗಳು ಒಂದು ಮಾತೂ ಆಡಿಲ್ಲವಲ್ಲ ಎಂಬ ಚಿಂತೆ ಸೊಸೆಯ ತಲೆ ತಿನ್ನುತ್ತಿದ್ದರೆ, ಮಾವನವರ ಬಾಯಿಗೆ ಮಾತ್ರ ಬಿಡುವೇ ಇರಲಿಲ್ಲ. ಟೆಲಿಫೋನ್ ಕಚೇರಿಯಿಂದ ನಿವೃತ್ತರಾಗಿ ಷೇರುಪೇಟೆಯ ಹುಚ್ಚು ಹತ್ತಿಸಿಕೊಂಡ ಅವರಿಗೆ ಜಗತ್ತಿನಲ್ಲಿ ಉಳಿದಿದ್ದು ಒಂದೇ ಪ್ರಶ್ನೆ: ನಾಳಿನ ಫೋನ್ ಟವರುಗಳ ಚಿಪ್ ಹಳೆಯ ಸಿಲಿಕಾನಿನದೋ, ಗ್ಯಾಲಿಯಂ ನೈಟ್ರೈಡ್ ಎಂಬ ಹೊಸ ವಸ್ತುವಿನದೋ? ಹಲ್ಲುಜ್ಜುವಾಗ ಗ್ಯಾಲಿಯಂ ಗೆಲ್ಲುತ್ತಿತ್ತು. ಸ್ನಾನ ಮುಗಿಯುವಷ್ಟರಲ್ಲಿ ಸಿಲಿಕಾನ್ ಚೇತರಿಸಿಕೊಳ್ಳುತ್ತಿತ್ತು. ಹಾಲಿನವನಿಗೂ, ಮೀಟರ್ ನೋಡಲು ಬಂದವನಿಗೂ ಬಾಗಿಲಲ್ಲೇ ಉಪದೇಶ. ಸೊಸೆ ಸಿಡುಕಿದರೆ, "ನೀನು ಸಿಲಿಕಾನ್ ಕಣಮ್ಮ, ಬೇಗ ಬಿಸಿಯಾಗ್ತೀಯ. ಗ್ಯಾಲಿಯಂ ನೋಡು, ಎಷ್ಟು ಕಾದರೂ ಕೆಲಸ ಬಿಡಲ್ಲ!" ಎಂದು ನಗುವರು. ಮಾತಿನ ಡಾಕ್ಟರ ನಂಬರು ಮೂರು ತಿಂಗಳಿಂದ ಫ್ರಿಜ್ಜಿನ ಮೇಲೇ ಅಂಟಿಕೊಂಡಿತ್ತು. ಡಾಕ್ಟರೇನು ಹೇಳಿಬಿಡುತ್ತಾರೋ ಎಂಬ ಹೆದರಿಕೆಗೆ ಅವಳು ಅದನ್ನು ಒತ್ತಿರಲಿಲ್ಲ. ಆ ಸಂಕಟದ ನಡುವೆ ಇವತ್ತು ಮಾವ ಮೊಮ್ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು, ಷೇರು ಕೊಳ್ಳುವ ಫೋನನ್ನು ಮುಂದೆ ಹಿಡಿದು, "ಹೇಳು ಪುಟ್ಟಿ, ಗ್ಯಾಲಿಯಂ ತಗೊಳ್ಳೋಣ್ವಾ?" ಎನ್ನುವುದನ್ನು ಕಂಡು ಅವಳ ತಾಳ್ಮೆ ಕೆಟ್ಟಿತು. "ಇನ್ನೆಷ್ಟು ದುಡ್ಡು ಸುರೀತೀರಿ ಮಾವ?" "ಎಲ್ಲಿ ಸುರಿದೆನಮ್ಮ? ಮೂರು ತಿಂಗಳಾಯ್ತು, ಒಂದು ಷೇರೂ ಕೊಂಡಿಲ್ಲ. ದಿನಾ ಇವಳನ್ನ ಕೇಳ್ತೀನಿ. ಇವಳು ಹೂಂ ಅನ್ನೋವರೆಗೂ ಕೊಳ್ಳಲ್ಲ," ಎಂದ ಅವರು ಮತ್ತೆ ಮಗುವಿನ ತುಟಿಯನ್ನೇ ನೋಡುತ್ತ ಕುಳಿತರು, ಬೆರಳು ಫೋನಿನಲ್ಲಿ ಷೇರು ಕೊಳ್ಳುವ ಗುಂಡಿಯ ಮೇಲೆ ಹಾಗೇ ನಿಂತಿತ್ತು. ಅವಳು ಅಡುಗೆಮನೆಗೆ ಹೋಗಿ ಫ್ರಿಜ್ಜಿನ ಮೇಲಿದ್ದ ನಂಬರು ಒತ್ತಿದಳು. "ಮಗು ಜೊತೆ ಯಾರು ಬರ್ತೀರಿ?" ಎಂದು ಆ ಕಡೆಯ ಹೆಂಗಸು ಕೇಳಿದಳು. "ನಾನು," ಎಂದು ತಡೆದು, "ಮತ್ತೆ ಅವಳ ತಾತ," ಎಂದಳು.